ದಪ್ಪ ಪಿನ್ ನೋಡಿ ಲೈಟ್ ತಗೋಬೇಡಿ

ಪುಣೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನಮ್ಮವರೆಲ್ಲ ದಯವಿಟ್ಟು ಇದನ್ನು ಓದಿ. ಸಿಟ್ಟು ಇನ್ನೂ ಇಳಿದಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಡಪಸರದಲ್ಲಿ ನಮ್ಮದು ಟೂ ವೀಲರ್ ಗ್ಯಾರೇಜ್. ಮೊದಲು 500 ವ್ಯಾಟಿನ ಹ್ಯಾಲೋಜನ್ ಇತ್ತು. ಹತ್ತಿರ ಕೂತರೆ ಮುಖ ಸುಡುತ್ತಿತ್ತು. ಕಾರ್ಬ್ಯುರೇಟರ್ ಬಿಚ್ಚಿದಾಗ ಪೆಟ್ರೋಲ್ ಚೆಲ್ಲುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಳ್ಳುತ್ತದೆ. ಅಂಥ ಜಾಗದಲ್ಲಿ ಆ ಕಾದ ದೀಪ ಬೇಡ ಅಂತಲೇ ಎಲ್‌ಇಡಿ ತರಲು ಹೋದೆ. ಸೇಫ್ ಆಗಿರಲಿ ಅಂತ ಹೋಗಿದ್ದು! ಅದಕ್ಕೇ ಹೊಟ್ಟೆ ಉರಿಯುತ್ತಿದೆ.

ಬುಧವಾರ ಪೇಠೆಯ ಒಂದು ಅಂಗಡಿ. 50 ವ್ಯಾಟಿನ ಫ್ಲಡ್ ಲೈಟ್, ಕಬ್ಬಿಣದ ಸ್ಟ್ಯಾಂಡ್, ಉದ್ದ ವೈರು, ತ್ರೀ ಪಿನ್ ಟಾಪ್ (ಪ್ಲಗ್). ಡಬ್ಬದ ಮೇಲೆ ಐಪಿ 65. ಬೆಲೆ 850 ರೂಪಾಯಿ. "ಅರ್ಥಿಂಗ್ ಇದೆಯಾ?" ಅಂತ ಬಾಯಿಬಿಟ್ಟು ಕೇಳಿದೆ. ಮಾಲೀಕ ಟಾಪ್ ಎತ್ತಿ, ಅರ್ಥಿಂಗಿನ ದಪ್ಪ ಪಿನ್ನಿನ ಮೇಲೆ ಬೆರಳಿಟ್ಟು, "ಇದೇನು ಅಣ್ಣಾ, ಕಾಣಲ್ವಾ?" ಅಂದ. ನಾನು ತಲೆಯಾಡಿಸಿ ದುಡ್ಡು ಕೊಟ್ಟೆ.

ಎರಡು ವಾರ ಆದಮೇಲೆ ನಮ್ಮ ಹುಡುಗ, "ಅಣ್ಣಾ, ಲೈಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ" ಅಂದ. ಒದ್ದೆ ಕೈಯಲ್ಲಿ ಮುಟ್ಟಿರ್ತೀಯಾ ಅಂತ ನಾನೇ ಬೈದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂರನೇ ದಿನ ಜೋರು ಮಳೆ, ನೆಲವೆಲ್ಲ ಒದ್ದೆ. ಅವನು ಸ್ಟ್ಯಾಂಡ್ ಸರಿಸಲು ಹೋಗಿ ಹಿಂದಕ್ಕೆ ಎಗರಿ ಬಿದ್ದ. ಮೊಣಕೈ ತರಚಿತು, ಅಷ್ಟೇ. ದೇವರು ದೊಡ್ಡವನು, ಕೈ ಬಿಟ್ಟಿತು. ಹಿಡಿದುಕೊಂಡಿದ್ದರೆ? ಬೋರ್ಡಿನ ಎಂಸಿಬಿ (ಓವರ್‌ಲೋಡ್ ಆದರೆ ಬೀಳುವ ಸ್ವಿಚ್) ಬೀಳಲೇ ಇಲ್ಲ. ಮೈಯಲ್ಲಿ ಹರಿಯುವಷ್ಟು ಕರೆಂಟಿಗೆ ಅದು ಬೀಳುವುದೂ ಇಲ್ಲ.

ಟೆಸ್ಟರ್ ಇಟ್ಟೆ, ಬಾಡಿಯಲ್ಲೇ ಹತ್ತಿತು. ಪ್ಲಗ್ ಕಿತ್ತು ಹಿಂದಿನ ಸ್ಕ್ರೂ ಬಿಚ್ಚಿದೆ. ಒಳಗೆ ಎರಡೇ ವೈರು. ಕೆಂಪು, ಕಪ್ಪು. ಬಾಡಿಯಲ್ಲಿ ಬಂದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ಅರ್ಥ್ ವೈರೇ ಇಲ್ಲ! ಟಾಪ್ ಒಡೆದರೆ ಆ ದಪ್ಪ ಪಿನ್ನಿಗೆ ಏನೂ ಜೋಡಿಸಿಯೇ ಇಲ್ಲ, ಸುಮ್ನೆ ಪ್ಲಾಸ್ಟಿಕ್ಕಿಗೆ ಚುಚ್ಚಿಟ್ಟಿದ್ದಾರೆ. ಅವನು ಬೆರಳಿಟ್ಟು ತೋರಿಸಿದ್ದು ಅದೇ ಪಿನ್ನು. ಅದೇ ಪಿನ್ನು ನೋಡಿ ನಾನು ದುಡ್ಡು ಎಣಿಸಿದ್ದು. ವೋಲ್ಟೇಜ್ ಇಳಿಸಿ ಎಲ್‌ಇಡಿಗೆ ಕೊಡುವ ಡ್ರೈವರ್ ಕೂಡ ಇಲ್ಲ, 230 ವೋಲ್ಟ್ ನೇರವಾಗಿ ಎಲ್‌ಇಡಿ ಪ್ಲೇಟಿಗೇ ಬರುತ್ತದೆ, ಆ ಪ್ಲೇಟನ್ನು ಲೈಟಿನ ಲೋಹದ ಬಾಡಿಗೆ ಸ್ಕ್ರೂ ಮಾಡಿದ್ದಾರೆ. ಐಪಿ 65 ಅಂದರೆ ನೀರು ಚಿಮ್ಮಿಸಿದರೂ ಒಳಗೆ ಹೋಗಬಾರದು. ಇಲ್ಲಿ ಗಾಜಿನ ಸುತ್ತ ರಬ್ಬರೇ ಇರಲಿಲ್ಲ.

ಅಂಗಡಿಗೆ ಹೋದೆ. ಮೊದಲು, "ನಿಮ್ಮ ಗ್ಯಾರೇಜಿನ ವೈರಿಂಗ್ ನೋಡಿಸಿ" ಅಂದ. ಲೈಟ್ ಮುಂದಿಟ್ಟೆ. "ಬಿಚ್ಚಿದ ಮಾಲು ವಾಪಸ್ ಇಲ್ಲ" ಅಂದ. ಬಿಚ್ಚದೆ ಗೊತ್ತಾಗುವುದು ಹೇಗೆ ಹೇಳಿ? ಆಮೇಲೆ, "ಬಿಲ್ ಎಲ್ಲಿ?" ಅವನು ಕೊಟ್ಟಿದ್ದು ಅಂಗಡಿ ಹೆಸರೂ ಇಲ್ಲದ ಚೀಟಿ. ಕೊನೆಗೆ, "ಕಾಹೀ ಹೋತ್ ನಾಹೀ (ಏನೂ ಆಗಲ್ಲ) ಅಣ್ಣಾ, ರಬ್ಬರ್ ಚಪ್ಪಲಿ ಹಾಕ್ಕೊಂಡು ಕೆಲಸ ಮಾಡಿ." ರಬ್ಬರ್ ಚಪ್ಪಲಿ! ಹತ್ತೊಂಬತ್ತು ವರ್ಷದ ಹುಡುಗನ ಜೀವಕ್ಕೆ ಅವನ ಉತ್ತರ ಇದು. ಊರಲ್ಲಿ ಅವರಮ್ಮನಿಗೆ ನಾನು ಏನು ಹೇಳಬೇಕಿತ್ತು?

ಲೋಹದ ಬಾಡಿಯ ಲೈಟ್ ಕೊಳ್ಳುವಾಗ ಅಂಗಡಿಯಲ್ಲೇ ಮಲ್ಟಿಮೀಟರ್ ಇಡಿಸಿ. ಒಂದು ಕಡ್ಡಿ ದಪ್ಪ ಪಿನ್ನಿಗೆ, ಇನ್ನೊಂದು ಬಾಡಿಯಲ್ಲಿ ಬಣ್ಣವಿಲ್ಲದ ಸ್ಕ್ರೂಗೆ. ಬೀಪ್ ಬರದಿದ್ದರೆ ಎದ್ದು ಬನ್ನಿ. ಡಬ್ಬದ ಮೇಲಿನ ಆರ್ ನಂಬರನ್ನು (ಬಿಐಎಸ್ ನೋಂದಣಿ ನಂಬರ್) ಸರಕಾರದ ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿ ನೋಡಿ. ನನ್ನದರಲ್ಲಿ ನಂಬರೇ ಇರಲಿಲ್ಲ, ನಾನು ನೋಡಲೂ ಇಲ್ಲ. ಪಕ್ಕಾ ಬಿಲ್ ತಗೊಳ್ಳಿ, ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಲು ಕೈಯಲ್ಲಿ ಏನಾದರೂ ಇರಬೇಕಲ್ವಾ. ಮರುದಿನವೇ, ಕರೆಂಟ್ ಸೋರಿದರೆ ಕೂಡಲೇ ಕಟ್ ಮಾಡುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆ. ಅದನ್ನು ಮೊದಲೇ ಹಾಕಿಸಬೇಕಿತ್ತು.

ಹಡಪಸರ ಕಡೆ ಯಾರಾದರೂ ಇಂಥದ್ದೇ ಲೈಟ್ ತಂದಿದ್ದರೆ ಹೇಳಿ, ಮೀಟರ್ ತಗೊಂಡು ನಾನೇ ಬರುತ್ತೇನೆ. ಅಲ್ಲಿಯವರೆಗೆ ಅದನ್ನು ಪ್ಲಗ್‌ಗೆ ಹಾಕಬೇಡಿ.