ಆರಡಿಯ ಮಡಚುವ ರ‍್ಯಾಂಪ್: ಕೋಲಾರದ ಜಗಲಿ ಮನೆಗೆ ಎಷ್ಟು ಒಗ್ಗುತ್ತದೆ?

ವೀಲ್‌ಚೇರಿಗೆ ರ‍್ಯಾಂಪ್ ಬೇಕೆಂದರೆ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಮೊದಲು ತೋರಿಸುವುದು ಸೂಟ್‌ಕೇಸಿನಂತೆ ಉದ್ದಕ್ಕೆ ಎರಡಾಗಿ ಮಡಚುವ ಆರಡಿಯ ಅಲ್ಯೂಮಿನಿಯಂ ರ‍್ಯಾಂಪನ್ನೇ. ಜೊತೆಗೆ ಅದು ತಡೆಯುವ ಭಾರವನ್ನು ದೊಡ್ಡಕ್ಷರದಲ್ಲಿ ಹೇಳುತ್ತಾರೆ: 270 ಕಿಲೋ, 300 ಕಿಲೋ. ಮಾಮೂಲಿ ಕುರ್ಚಿಗೆ ಭಾರದ ಚಿಂತೆ ಬೇಡ. ಕೂತವರದು 70 ಕಿಲೋ, ಕುರ್ಚಿಯದು 18, ತಳ್ಳುವವರದು 65 ಅಂದರೂ ಒಟ್ಟು 153. ಚಿಂತೆ ಮಾಡಬೇಕಾದ್ದು ಎತ್ತರದ ಬಗ್ಗೆ. ಕೋಲಾರದ ಪೇಟೆಯ ಹಳೇ ಮನೆಗಳಲ್ಲಿ ಬೀದಿಯಿಂದ ಒಳಗೆ ಹೋಗುವಷ್ಟರಲ್ಲಿ ಚರಂಡಿಯ ಚಪ್ಪಡಿ, ಕಲ್ಲಿನ ಮೆಟ್ಟಿಲು, ಜಗಲಿ, ಹೊಸಿಲು ಒಂದಾದ ಮೇಲೊಂದು ಎದುರಾಗುತ್ತವೆ. ಇವನ್ನು ಅಳೆಯದೆ ತಂದ ರ‍್ಯಾಂಪ್ ಗೋಡೆಗೊರಗಿ ನಿಲ್ಲುತ್ತದೆ ಅಷ್ಟೆ.

ಮೆಟ್ಟಿಲುಗಳನ್ನು ಒಂದೊಂದಾಗಿ ಅಳೆದು ಕೂಡಿಸಬೇಡಿ. ಬೀದಿಯೇ ಒಂದು ಕಡೆಗೆ ವಾಲಿರುತ್ತದೆ, ಆ ಲೆಕ್ಕ ತಪ್ಪುತ್ತದೆ. ನೇರವಾದ ಹಲಗೆಯ ಒಂದು ತುದಿಯನ್ನು ಜಗಲಿಯ ಅಂಚಿನ ಮೇಲಿಟ್ಟು ಬೀದಿಯ ಕಡೆ ಚಾಚಿ, ಮೇಲೆ ರಸಮಟ್ಟ ಇಟ್ಟು ಸಮ ಮಾಡಿ. ರ‍್ಯಾಂಪಿನ ಬುಡ ಎಲ್ಲಿ ಬರುತ್ತದೋ ಅಲ್ಲಿ ಹಲಗೆಯ ಕೆಳಗಿನಿಂದ ನೆಲದವರೆಗೆ ಟೇಪ್ ಹಿಡಿಯಿರಿ. ಅದೇ ನಿಮ್ಮ ಎತ್ತರ.

ಕೇಂದ್ರ ಸರ್ಕಾರದ 2021ರ ಸಾರ್ವತ್ರಿಕ ಪ್ರವೇಶ ಮಾರ್ಗಸೂಚಿ ಹೇಳುವ ಇಳಿಜಾರು 1:12, ಅಂದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಏಳೇಳು ಇಂಚಿನ ಎರಡು ಮೆಟ್ಟಿಲಿಗೆ 14 ಅಡಿ ಆಯಿತು. ಅಷ್ಟುದ್ದದ್ದನ್ನು ದಿನಾ ಎತ್ತಿಡಲು ಆಗದು. ಆದ್ದರಿಂದ ಎಲ್ಲಿಯವರೆಗೆ ರಾಜಿಯಾಗಬಹುದು ಎಂಬುದು ಗೊತ್ತಿರಬೇಕು. ಕೂತವರೂ ಕುರ್ಚಿಯೂ ಸೇರಿ 88 ಕಿಲೋ ಅಂದುಕೊಳ್ಳಿ. 1:12ರಲ್ಲಿ ತಳ್ಳುವವರ ಕೈಗೆ ಬರುವುದು ಸುಮಾರು 7 ಕಿಲೋ. 1:6ರಲ್ಲಿ ಅದು 15ರ ಹತ್ತಿರ, 1:4ರಲ್ಲಿ 22. ಆರಡಿ ರ‍್ಯಾಂಪಿಗೆ ಇದನ್ನು ಹೊಂದಿಸಿದರೆ, 6 ಇಂಚು ಎತ್ತರವನ್ನು ತೋಳಿನಲ್ಲಿ ಬಲವಿರುವವರು ತಾವೇ ಗಾಲಿ ತಿರುಗಿಸಿ ಹತ್ತಬಹುದು. 9 ಇಂಚಿಗೆ ಹಿಂದೆ ಒಬ್ಬರು ಬೇಕು. 12 ಇಂಚಿಗೆ ಗಟ್ಟಿ ಆಳೇ ಬೇಕು, ಅದೂ ಮಳೆಯಿಲ್ಲದಾಗ. ಅದಕ್ಕಿಂತ ಎತ್ತರವಿದ್ದರೆ ಈ ರ‍್ಯಾಂಪ್ ಬೇಡವೇ ಬೇಡ. ಬ್ಯಾಟರಿ ಕುರ್ಚಿಯಾದರೆ ಅದು ಹತ್ತಬಲ್ಲ ಕೋನವನ್ನು ಕೈಪಿಡಿಯಲ್ಲಿ ಡಿಗ್ರಿ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. 1:12 ಅಂದರೆ 4.8 ಡಿಗ್ರಿ, 1:6 ಅಂದರೆ 9.5. ಅಂಥ ಕುರ್ಚಿಗೆ ಭಾರದ ಲೆಕ್ಕವನ್ನೂ ಬೇರೆಯಾಗಿ ಮಾಡಿ.

ವೆಲ್ಡಿಂಗ್ ಅಂಗಡಿಯಲ್ಲಿ ಚೆಕ್ಕರ್ ಪ್ಲೇಟಿನಿಂದ, ಅಂದರೆ ಮೇಲೆ ಉಬ್ಬುಗೀರುಗಳಿರುವ ಕಬ್ಬಿಣದ ತಗಡಿನಿಂದ ಮಾಡಿಸೋಣ ಎನ್ನುವವರು ತೂಕ ಯೋಚಿಸಬೇಕು. ಆರಡಿ ಉದ್ದ, ಎರಡೂವರೆ ಅಡಿ ಅಗಲದ 3 ಮಿ.ಮೀ. ಕಬ್ಬಿಣದ ತಗಡೊಂದೇ 33 ಕಿಲೋ ಆಗುತ್ತದೆ, ಆಂಗಲ್ ಫ್ರೇಮು ಬೇರೆ. ಶಾಶ್ವತವಾಗಿ ಇಡುವುದಾದರೆ ಚೆನ್ನ, ಎತ್ತಿಡುವುದಕ್ಕಲ್ಲ. ಎಡಬಲದ ಗಾಲಿಗಳಿಗೆ ಒಂದೊಂದರಂತೆ ಇಡುವ, ಎರಡೂ ಅಂಚು ಎದ್ದಿರುವ ಕಿರಿದಾದ ಜೋಡಿ ಚಾನೆಲ್ಲುಗಳು ಹಗುರ. ಆದರೆ ಮಡಚುವ ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಹಿಂದಿನವುಗಳಿಗಿಂತ ಒಳಗಿರುತ್ತವೆ. ಚಾನೆಲ್ ಕಿರಿದಾಗಿದ್ದರೆ ಒಂದು ಜೊತೆ ಕೂತಾಗ ಇನ್ನೊಂದು ಅಂಚಿಗೆ ತಿಕ್ಕುತ್ತದೆ. ದಿನಬಳಕೆಗೆ ನಾವು ಅವನ್ನು ಒಪ್ಪುವುದಿಲ್ಲ.

ಆರಡಿಯದನ್ನೇ ಕೊಳ್ಳುವುದಾದರೆ ಮೂರು ಕಡೆ ಕೈಯಾಡಿಸಿ ನೋಡಿ. ಅಕ್ಕಪಕ್ಕದ ಅಂಚು ಎರಡು ಇಂಚಾದರೂ ಎದ್ದಿರಬೇಕು. ಮೇಲ್ಮೈಯಲ್ಲಿ ಮರಳುಕಾಗದದಂಥ ಪಟ್ಟಿ ಅಂಟಿಸಿದ್ದಕ್ಕಿಂತ ಲೋಹದಲ್ಲೇ ಗೀರು ಎಬ್ಬಿಸಿದ್ದು ಮೇಲು, ಏಕೆಂದರೆ ಬೇಸಿಗೆಯ ಬಿಸಿಲಿಗೆ ಪಟ್ಟಿಯ ಅಂಚು ಏಳುತ್ತದೆ. ಜಗಲಿಯ ಮೇಲೆ ಕೂರುವ ಮೇಲ್ತುದಿಯ ನಾಲಿಗೆಯಲ್ಲಿ, ಜಾರದಂತೆ ಪಿನ್ನು ಹಾಕುವ ತೂತಿರಬೇಕು. ಒಳ ಅಗಲ ಕುರ್ಚಿಯ ಅಗಲಕ್ಕಿಂತ ಎರಡು ಇಂಚು ಹೆಚ್ಚಿರಲಿ. ಕುರ್ಚಿಯನ್ನು ಅಳೆಯುವಾಗ ಕೈಯಿಂದ ತಿರುಗಿಸುವ ಬಳೆಯನ್ನೂ ಸೇರಿಸಿಕೊಳ್ಳಿ. ಬಾಗಿಲನ್ನೂ ಈಗಲೇ ಅಳೆಯಿರಿ. ಹಳೇ ಜೋಡಿ ಕದದ ಬಾಗಿಲಲ್ಲಿ ಒಂದೇ ಕದ ತೆರೆದರೆ ಯಾವ ಕುರ್ಚಿಯೂ ನುಗ್ಗದು.

ಇಡುವಾಗ ತಪ್ಪಾಗುವುದು ಹೆಚ್ಚಾಗಿ ಬುಡದಲ್ಲಿ. ಬುಡ ಎರಡು ಚಪ್ಪಡಿಗಳ ಸಂದಿನ ಮೇಲೆ ಬಂದರೆ ಒಂದು ಮೂಲೆ ಗಾಳಿಯಲ್ಲಿ ಉಳಿದು, ಭಾರ ಬಿದ್ದೊಡನೆ ರ‍್ಯಾಂಪ್ ತಿರುಚುತ್ತದೆ, ಕೀಲು ಸಡಿಲವಾಗುತ್ತದೆ. ಮೊದಲು ಚಪ್ಪಡಿಯ ನಾಲ್ಕೂ ಮೂಲೆಯ ಮೇಲೆ ನಿಂತು ನೋಡಿ. ಅಲುಗಿದರೆ ಕಲ್ಲಿನ ಚಕ್ಕೆ ತುರುಕಿ ಗಟ್ಟಿ ಮಾಡಿಸಿ, ಇಲ್ಲವೇ ಬುಡವನ್ನು ಚಪ್ಪಡಿ ದಾಟಿಸಿ ರಸ್ತೆಯ ಮೇಲೆ ಕೂರಿಸಿ. ಮೇಲಿನ ನಾಲಿಗೆ ಪೂರ್ತಿ ಅಗಲಕ್ಕೂ ಜಗಲಿಯ ಮೇಲೆ ಚಪ್ಪಟೆಯಾಗಿ ಕೂರಬೇಕು. ಪಾಲಿಷ್ ಕಲ್ಲಿನ ಮೇಲೆ ಅದು ಹಿಂದಕ್ಕೆ ಜಾರುತ್ತದೆ. ಅಡಿಗೆ ತೆಳು ರಬ್ಬರ್ ಮ್ಯಾಟ್ ಹಾಕಿ, ರ‍್ಯಾಂಪನ್ನು ಕಟ್ಟುವ ಪಟ್ಟಿಯನ್ನು ಜಗಲಿಯ ಕಂಬಕ್ಕೋ ಕಿಟಕಿಯ ಸರಳಿಗೋ ಬಿಗಿಯಿರಿ. ಆಮೇಲೆ ಖಾಲಿ ಕುರ್ಚಿಯನ್ನು ಒಮ್ಮೆ ಹತ್ತಿಸಿ ಇಳಿಸಿ. ಪಾದದ ಹಲಗೆ ಬುಡದಲ್ಲಿ ನೆಲಕ್ಕೆ ತಗುಲಿದರೆ ಅದನ್ನು ಒಂದು ಹಂತ ಮೇಲಕ್ಕೇರಿಸಿ.

ಹೊಸಿಲಿನದೇ ಬೇರೆ ಲೆಕ್ಕ. ಮೂರು ಇಂಚಿನ ಹೊಸಿಲಿಗೆ 1:8ರಂತೆ ಹೊರಗೆ ಎರಡಡಿ, ಒಳಗೆ ಎರಡಡಿ ಉದ್ದದ ರಬ್ಬರ್ ಇಳಿಜಾರು ಬೇಕು. ಕುರ್ಚಿಯೇ ಮೂರೂವರೆ ಅಡಿ ಉದ್ದ. ಹಾಗಾಗಿ ಜಗಲಿ ಆರಡಿಗಿಂತ ಕಿರಿದಾಗಿದ್ದರೆ ಕುರ್ಚಿಯೂ ತಳ್ಳುವವರೂ ಸಮನೆಲದಲ್ಲಿ ನಿಲ್ಲುವ ಮೊದಲೇ ಹೊಸಿಲಿನ ಇಳಿಜಾರು ಶುರುವಾಗುತ್ತದೆ, ತಳ್ಳುವವರಿಗೆ ನಡುವೆ ಉಸಿರು ತೆಗೆದುಕೊಳ್ಳಲೂ ಜಾಗವಿರದು. ಅಂಥ ಮನೆಗೆ ಜಗಲಿಯ ಮೇಲೆ ಹೊಸಿಲಿನ ಎತ್ತರಕ್ಕೆ ಸರಿಯಾಗಿ, ಭಾರ ತಡೆಯುವ ಮರದ ಅಟ್ಟಣೆ ಮಾಡಿಸಿ, ರ‍್ಯಾಂಪನ್ನು ಅದಕ್ಕೆ ಕೊಡುವುದು ಒಳ್ಳೆಯದು. ಹೊರಗಿನ ಎತ್ತರಕ್ಕೆ ಮೂರು ಇಂಚು ಸೇರುವುದನ್ನು ಮರೆಯಬೇಡಿ. ಒಂಬತ್ತು ಇಂಚಿದ್ದದ್ದು ಹನ್ನೆರಡಾಗಿ ಆರಡಿಯ ಮಿತಿ ಮುಟ್ಟುತ್ತದೆ, ಆಗ ಎಂಟಡಿಯದನ್ನು ನೋಡಬೇಕು. ಅಟ್ಟಣೆಯನ್ನು ಎರಡು ತುಂಡಾಗಿ ಮಾಡಿಸಿದರೆ ಬೆಳಿಗ್ಗೆ ಎತ್ತಿಟ್ಟು ಹೊಸಿಲು ತೊಳೆದು ಅರಿಶಿನ ಕುಂಕುಮ ಇಡಬಹುದು. ಹೊಸಿಲಿಗೆ ಮೊಳೆ, ಸ್ಕ್ರೂ ಹೊಡೆಯುವುದು ಬೇಡ, ಹೊಡೆಯುವ ಅಗತ್ಯವೂ ಇಲ್ಲ. ತೊಳೆದ ನೀರು ಪೂರ್ತಿ ಒರೆಸಿದ ಮೇಲೆಯೇ ಮತ್ತೆ ಜೋಡಿಸಿ.

ಹತ್ತುವಾಗ ಕೂತವರ ಮುಖ ಮನೆಯ ಕಡೆಗಿರಲಿ, ತಳ್ಳುವವರು ಹಿಂದಿರಲಿ. ಇಳಿಸುವಾಗಲೂ ಮುಖ ಮನೆಯ ಕಡೆಗೇ. ತಳ್ಳುವವರು ಕೆಳಗಿದ್ದು, ಬೀದಿಯ ಕಡೆ ಒಮ್ಮೆ ತಿರುಗಿ ನೋಡಿಕೊಂಡು, ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಮುಂದಕ್ಕೆ ಮುಖ ಮಾಡಿ ಇಳಿಸಿದರೆ ಕೂತವರು ಮುಂದಕ್ಕೆ ಜಾರುತ್ತಾರೆ.

ಕೀಲಿನ ಸಂದಿಗೆ ದೂಳು ಸೇರಿ ಎರಡು ಭಾಗ ಸಮ ಕೂರದಂತಾಗುತ್ತದೆ, ವಾರಕ್ಕೊಮ್ಮೆ ಒಣ ಬ್ರಷ್ ಸಾಕು. ಎಣ್ಣೆ ಬಿಡಬೇಡಿ, ದೂಳು ಇನ್ನಷ್ಟು ಕಚ್ಚುತ್ತದೆ, ಗಾಲಿ ಓಡುವ ಜಾಗಕ್ಕೂ ಹರಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಬಿಟ್ಟ ಅಲ್ಯೂಮಿನಿಯಂ ಬರಿಗಾಲನ್ನು ಸುಡುತ್ತದೆ, ರಸ್ತೆಗೆ ಚಾಚಿದ ಬುಡ ಬೈಕಿನವರ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಮುಗಿದೊಡನೆ ಮಡಚಿ ಕದದ ಹಿಂದೆ ಇಡಿ. ಪಿನ್ನುಗಳನ್ನು ದಾರದಿಂದ ಹಿಡಿಗೇ ಕಟ್ಟಿಡಿ, ಬಿಡಿಯಾಗಿಟ್ಟರೆ ಕಳೆದುಹೋಗುವುದು ಅವೇ.