200 ಲೀಟರ್ ಟ್ಯೂಬ್ ಸೋಲಾರ್ ವಾಟರ್ ಹೀಟರ್: ಬೋರ್‌ವೆಲ್ ನೀರಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಬೆಂಗಳೂರಿನ ತಾರಸಿ, ನಾಲ್ಕೈದು ಜನರ ಮನೆ, 58 ಮಿ.ಮೀ. ವ್ಯಾಸದ 20 ಗಾಜಿನ ಟ್ಯೂಬುಗಳ ಮಾದರಿ. ಒಳ್ಳೆ ಬಿಸಿಲಿದ್ದ ದಿನ ಸಂಜೆಗೆ ನೀರು 60 ಡಿಗ್ರಿ ಮುಟ್ಟುತ್ತದೆ. ಮರುದಿನ ಬೆಳಿಗ್ಗೆಯೂ ತಣ್ಣೀರು ಬೆರೆಸದೆ ಮೈಮೇಲೆ ಹಾಕಿಕೊಳ್ಳಲು ಆಗುವುದಿಲ್ಲ.

ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದೇ ಆ ಬೆಳಗಿನ ಹೊತ್ತಿನಲ್ಲಿ. ಊರಿನ ಗೀಸರ್‌ಗಳೆಲ್ಲ ಒಟ್ಟಿಗೆ ಆನ್ ಆಗುವಾಗ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ಇನ್ನೂ ಬಿಸಿಲೇರಿರುವುದಿಲ್ಲ. ಆಗ ಹೊರೆಯ ದೊಡ್ಡ ಪಾಲು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳು ಮತ್ತು ಜಲವಿದ್ಯುತ್ತಿನ ಮೇಲೆ. 200 ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು ಸುಮಾರು 4.7 ಯೂನಿಟ್ ಕರೆಂಟ್ ಬೇಕು. ಈ ಹೀಟರ್ ಅಷ್ಟನ್ನೂ ನಿನ್ನೆಯ ಬಿಸಿಲಿನಿಂದಲೇ, ಬ್ಯಾಟರಿಯಿಲ್ಲದೆ ಎತ್ತಿಟ್ಟಿರುತ್ತದೆ.

‘ಸೋಲಾರ್‌ನಲ್ಲಿ ಬಿಸಿನೀರು ಬರ್ತಿಲ್ಲ’ ಎನಿಸಿದರೆ ಮೊದಲು ತಾರಸಿ ಹತ್ತಬೇಡಿ, ಬಚ್ಚಲಿನ ಮಿಕ್ಸರ್ ನೋಡಿ. ಬಿಸಿ, ತಣ್ಣಗಿನ ಎರಡೂ ನಲ್ಲಿ ತೆರೆದಿದ್ದು ಹ್ಯಾಂಡ್ ಶವರ್ ಮಾತ್ರ ಮುಚ್ಚಿದ್ದರೆ, ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಇನ್ನೊಂದು ಕಡೆ, ತಣ್ಣೀರಿನ ನಲ್ಲಿಯಲ್ಲಿ ಬೆಚ್ಚಗಿನ ನೀರು ಬಂದರೆ ಹೀಟರಿಗೆ ನೀರು ಹೋಗುವ ಪೈಪಿನ ನಾನ್ ರಿಟರ್ನ್ ವಾಲ್ವ್ (ನೀರು ವಾಪಸ್ ಹರಿಯದಂತೆ ತಡೆಯುವ ವಾಲ್ವ್) ಕೆಟ್ಟಿರುವ ಸಾಧ್ಯತೆ ಹೆಚ್ಚು.

ಆಮೇಲೆ ಟ್ಯೂಬುಗಳ ತಳ ನೋಡಿ. ಸರಿಯಿರುವ ಟ್ಯೂಬಿನ ತುದಿ ಕನ್ನಡಿಯಂತೆ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತದೆ. ಅದು ಸುಣ್ಣ ಬಳಿದಂತೆ ಮಂಕಾಗಿದ್ದರೆ ಗಾಜಿನ ಎರಡು ಪದರಗಳ ನಡುವಿನ ನಿರ್ವಾತ ಹೋಗಿದೆ ಎಂದರ್ಥ; ಗಾಜು ಒಡೆಯದಿದ್ದರೂ ಆ ಟ್ಯೂಬು ಶಾಖ ಹಿಡಿದಿಡುವುದಿಲ್ಲ, ಬದಲಾಯಿಸಲೇಬೇಕು. ಕೆಲಸ ಬಿಸಿಲೇರುವ ಮೊದಲೇ ಮುಗಿಯಲಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಟ್ಯೂಬು ಟ್ಯಾಂಕಿಗೆ ಸೇರುವ ಕಡೆಯ ಸಿಲಿಕಾನ್ ರಿಂಗಿಗೆ ಸೋಪಿನ ನೀರು ಸವರಿ, ಟ್ಯೂಬನ್ನು ತಿರುಗಿಸುತ್ತಾ ನಿಧಾನಕ್ಕೆ ತೂರಿಸಬೇಕು. ಹಳೇ ರಿಂಗನ್ನೇ ಮತ್ತೆ ಹಾಕಿದರೆ ತೊಟ್ಟಿಕ್ಕುವುದು ಖಂಡಿತ.

ಬೇಸಿಗೆಯಲ್ಲಿ ಬೋರ್ ಬತ್ತಿ ಹೀಟರ್ ಖಾಲಿಯಾದಾಗಲೇ ದೊಡ್ಡ ಅಪಾಯ. ಬಿಸಿಲಲ್ಲಿ ಕಾದ ಬರಿದಾದ ಟ್ಯೂಬಿಗೆ ಟ್ಯಾಂಕರ್ ನೀರು ಬಿಟ್ಟರೆ ಗಾಜು ಚಟ್ಟನೆ ಸೀಳುತ್ತದೆ. ಒಂದು ಟ್ಯೂಬು ಒಡೆದರೂ ಟ್ಯಾಂಕಿನ ನೀರೆಲ್ಲ ತಾರಸಿಗೆ. ಹಾಗಾಗಿ ಒಳಬರುವ ವಾಲ್ವ್ ಮುಚ್ಚಿಟ್ಟು, ಟ್ಯೂಬುಗಳು ಪೂರ್ತಿ ತಣ್ಣಗಾದ ರಾತ್ರಿಯಲ್ಲೇ ತುಂಬಿಸಿ.

ಗಡಸು ನೀರಿನ ಸುಣ್ಣ ಟ್ಯೂಬಿನ ತಳದಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ, ವರ್ಷಕ್ಕೊಮ್ಮೆ ತೊಳೆಸಿದರೆ ಸಾಕು. ಬಿಸಿಲಿಲ್ಲದ ದಿನ ಕರೆಂಟಿನಿಂದ ನೀರು ಕಾಯಿಸುವ ಬ್ಯಾಕಪ್ ಎಲಿಮೆಂಟಿನ ಮೇಲೆ ಕೂತರೆ ಮಾತ್ರ ಎಲಿಮೆಂಟ್ ಸುಟ್ಟುಹೋಗುತ್ತದೆ. ಮೆಗ್ನೀಸಿಯಂ ರಾಡ್ ಸವೆದಿದೆಯೇ ಎಂದೂ ಆಗಲೇ ನೋಡಿಸಿ. ಟ್ಯಾಂಕ್ ತುಕ್ಕು ಹಿಡಿಯದಂತೆ ಕಾಯುವುದು ಅದೇ.

ಮಳೆಗಾಲದಲ್ಲಿ ಸತತ ಮೋಡ ಮುಚ್ಚಿದರೆ ನೀರು ಉಗುರುಬೆಚ್ಚಗಷ್ಟೇ. ಬ್ಯಾಕಪ್ ಸ್ವಿಚ್ಚನ್ನು ಅಂಥ ದಿನ ಬಿಟ್ಟು ಉಳಿದ ಕಾಲದಲ್ಲಿ ಆಫ್ ಇಡಿ, ಇಲ್ಲದಿದ್ದರೆ ಇದೂ ಇನ್ನೊಂದು ಗೀಸರ್ ಆಗುತ್ತದೆ.

ಕೊಳ್ಳುವ ಮೊದಲು ಅಳೆಯಬೇಕಾದದ್ದು ಎತ್ತರ: ತಣ್ಣೀರಿನ ಟ್ಯಾಂಕಿನ ತಳ ಹೀಟರಿನ ತಲೆಗಿಂತ ಸುಮಾರು ಒಂದಡಿ ಮೇಲಿರಬೇಕು, ಹೀಟರಿನ ಗಾಳಿ, ಆವಿ ಹೊರಹೋಗುವ ಏರ್ ವೆಂಟ್ ಪೈಪು ಆ ಟ್ಯಾಂಕಿನ ನೀರಿನ ಮಟ್ಟಕ್ಕಿಂತಲೂ ಮೇಲೇರಬೇಕು. ಬಿಸಿನೀರಿಗೆ ಶಾಖ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪೇ ಆಗಬೇಕು. ಮಾಮೂಲಿ ಪಿವಿಸಿ ಶಾಖಕ್ಕೆ ಬಾಗುತ್ತದೆ.