ಇಡ್ಲಿಗೆ ಪೂರ್ಣ ಅಂಕ, ಪಾರ್ಸೆಲ್‌ಗೆ ಎರಡೇ

ಬೆಂಗಳೂರಿನ ನಮ್ಮ ಬಡಾವಣೆಯ ಈ ದರ್ಶಿನಿಯಲ್ಲಿ ನಾನು ಏಳೆಂಟು ವರ್ಷಗಳಿಂದ ತಿಂಡಿ ತಿನ್ನುತ್ತಿದ್ದೇನೆ. ಹದವಾಗಿ ಹುಳಿ ಬಂದ ಹಿಟ್ಟಿನ ಇಡ್ಲಿ, ಶುಂಠಿ ಘಮದ ಗಟ್ಟಿ ಚಟ್ನಿ, ಇವೆರಡರಲ್ಲಿ ಒಂದು ದಿನವೂ ಕೊರತೆ ಕಂಡಿಲ್ಲ. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಹಾಸುವುದರ ವಿರುದ್ಧ ರಾಜ್ಯದ ಆರೋಗ್ಯ ಇಲಾಖೆ ಕ್ರಮಕ್ಕೆ ಮುಂದಾದ ಮೇಲೆ ಇಲ್ಲಿನ ತಟ್ಟೆಗಳಿಗೂ ಬಿಳಿ ಬಟ್ಟೆ ಮರಳಿ ಬಂದಿದೆ. ಕುಳಿತು ತಿನ್ನುವವರಿಗೆ ಈ ಹೋಟೆಲನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ.

ನನ್ನ ಆಕ್ಷೇಪವಿರುವುದು ಪಾರ್ಸೆಲ್ ಬಗ್ಗೆ. ಮಗಳು ಮೂರು ತಿಂಗಳ ಬಸುರಿ. ವಾಕರಿಕೆಯ ನಡುವೆ ಅವಳ ಬಾಯಿಗೆ ಸೇರುವುದು ಇಲ್ಲಿನ ಇಡ್ಲಿಯೊಂದೇ. ಕಟ್ಟಿಸಲು ಹೋದಾಗ ಹುಡುಗ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಕೈಗವಸು ತೊಟ್ಟು, ಹಬೆಯಾಡುವ ಇಡ್ಲಿಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು ದಾರ ಬಿಗಿದ. ಮನೆ ಮುಟ್ಟುವಷ್ಟರಲ್ಲಿ ಉಬ್ಬಿದ್ದ ಕವರು ಜೋತುಬಿದ್ದು, ಅದರ ಒಳಮೈಗೆಲ್ಲ ಕೆಂಪೆಣ್ಣೆ ಮೆತ್ತಿಕೊಂಡಿತ್ತು. ಮರುದಿನ ವಿಚಾರಿಸಿದಾಗ ಕ್ಯಾಷಿಯರ್, “ಎಲ್ಲಾ ಫುಡ್ ಗ್ರೇಡೇ ಅಮ್ಮಾ, ಏನೂ ಆಗಲ್ಲ” ಎಂದರು.

ಅವರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಆದರೆ ಫುಡ್ ಗ್ರೇಡ್ ಎಂಬ ಪರೀಕ್ಷೆ ಕವರನ್ನು ಬೇರೆ, ಡಬ್ಬಿಯನ್ನು ಬೇರೆ ಎಂದು ಒಂದೊಂದಾಗಿ ನೋಡುತ್ತದೆ. ನಮ್ಮ ದೇಹಕ್ಕೆ ಮಾತ್ರ ಎಲ್ಲವೂ ಒಟ್ಟಾಗಿಯೇ ಹೋಗುತ್ತವೆ. ಪಾಲಿಥೀನ್ ಕವರಿಗೆ ಮೃದುಕಾರಕ ಬೆರೆಸುವ ಅಗತ್ಯವಿಲ್ಲ ಎಂಬುದನ್ನು ಒಪ್ಪಲೇಬೇಕು. ವಿನೈಲ್‌ನ ಕಥೆ ಹಾಗಲ್ಲ. ಅದನ್ನು ಮೆದುವಾಗಿಸಲು ಬಳಸುತ್ತ ಬಂದಿರುವ ಥ್ಯಾಲೇಟ್‌ಗಳು ಬಿಸಿಗೂ ಜಿಡ್ಡಿಗೂ ಸುಲಭವಾಗಿ ಆಹಾರಕ್ಕಿಳಿಯುತ್ತವೆ ಮತ್ತು ಅವುಗಳಲ್ಲಿ ಕೆಲವು ಪುರುಷ ಹಾರ್ಮೋನಿನ ಕೆಲಸವನ್ನು ಕುಗ್ಗಿಸುತ್ತವೆ. ಜಪಾನಿನಲ್ಲಿ ಅಂಗಡಿಗಳ ಊಟದ ಡಬ್ಬಿಗಳಲ್ಲಿ ಡಿಇಎಚ್‌ಪಿ ಎಂಬ ಥ್ಯಾಲೇಟ್ ಕಂಡುಬಂದು, ಅದು ಅಡುಗೆಯವರ ಕೈಗವಸಿನಿಂದಲೇ ಬಂದದ್ದೆಂದು ತಿಳಿದಾಗ, 2000ದಲ್ಲಿ ಅಲ್ಲಿನ ಸರ್ಕಾರ ಅಂಥ ಕೈಗವಸುಗಳನ್ನು ಆಹಾರದ ಕೆಲಸದಿಂದ ದೂರವಿಟ್ಟಿತು. ಬಳಿಕ ಊಟದಲ್ಲಿ ಅದರ ಪ್ರಮಾಣ ಇಳಿಯಿತು. ಇನ್ನು ಪಾರ್ಸೆಲ್ ಜೊತೆ ಕೈಗಿತ್ತ ನುಣುಪು ಕಾಗದದ ಬಿಲ್ಲು: ಅಂಥ ಕಾಗದದಲ್ಲಿ ಬಿಸ್ಫಿನಾಲ್-ಎ ಎಂಬ ರಾಸಾಯನಿಕ ಅಥವಾ ಅದರ ಬದಲಿಗೆ ಬಂದ ಬಿಸ್ಫಿನಾಲ್-ಎಸ್ ಇರುವುದು ಸಾಮಾನ್ಯ, ಎರಡೂ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನಿನಂತೆ ವರ್ತಿಸಬಲ್ಲವು.

ಒಂದೊಂದೂ ಅತ್ಯಲ್ಪ, ಹಾಗಾಗಿ ಚಿಂತೆಯಿಲ್ಲ ಎನ್ನುವವರಿಗೆ ಲಂಡನ್ನಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ನೆನಪಿಸಬೇಕು. ಬಿಸ್ಫಿನಾಲ್-ಎ ಸೇರಿದಂತೆ 8 ರಾಸಾಯನಿಕಗಳನ್ನು, ಒಂದೊಂದೇ ಇದ್ದರೆ ಯಾವ ಪರಿಣಾಮವೂ ಗೋಚರಿಸದಷ್ಟು ಕಡಿಮೆ ಪ್ರಮಾಣದಲ್ಲಿ ಬೆರೆಸಿದಾಗ, ಯೀಸ್ಟ್ ಕೋಶಗಳಲ್ಲಿ ಈಸ್ಟ್ರೊಜೆನ್‌ನ ಪರಿಣಾಮ ಸ್ಪಷ್ಟವಾಗಿ ಕಾಣಿಸಿತು. ಅದು ಯೀಸ್ಟ್‌ನ ಮಾತಾಯಿತು. ಮನುಷ್ಯರ ವಿಷಯದಲ್ಲಿ, ಸ್ವೀಡನ್ನಿನ ತಾಯಿ-ಮಕ್ಕಳನ್ನು ಅನುಸರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಯ ದೇಹದಲ್ಲಿದ್ದ ಇಂಥ ಮಿಶ್ರಣಕ್ಕೂ, ಎರಡೂವರೆ ವರ್ಷವಾದರೂ ಮಗು 50 ಪದಗಳನ್ನು ಆಡದಿರುವುದಕ್ಕೂ ಸಂಬಂಧವಿರುವುದನ್ನು ಗುರುತಿಸಿತು. ಸಂಬಂಧವೆಂದರೆ ಅದೇ ಕಾರಣವೆಂದು ಸಿದ್ಧವಾದಂತಲ್ಲ. ಆದರೂ ಮಗಳ ತಟ್ಟೆಗೆ ಆ ಸಾಂಬಾರನ್ನು ಬಡಿಸಲು ನನಗೆ ಕೈ ಬರಲಿಲ್ಲ.

ಈಗ ಸ್ಟೀಲ್ ಕ್ಯಾರಿಯರ್ ಒಯ್ಯುತ್ತೇನೆ. ತುಂಬಿ ಕೊಡಲು ಅವರು ಒಮ್ಮೆಯೂ ಬೇಸರಿಸಿಲ್ಲ, ಅದಕ್ಕೆ ಕೃತಜ್ಞಳು. ಆದರೆ ಮೊದಲ ದಿನ ಅಳತೆಗೆಂದು ಸಾಂಬಾರನ್ನು ಮಾಸಲು ಪ್ಲಾಸ್ಟಿಕ್ ಮಗ್ಗಿಗೆ ಹುಯ್ದು, ಅಲ್ಲಿಂದ ನನ್ನ ಡಬ್ಬಿಗೆ ಬಗ್ಗಿಸಿದರು. ಪಕ್ಕದಲ್ಲೇ ಸ್ಟೀಲ್ ಸೌಟು ನೇತಾಡುತ್ತಿತ್ತು. ಅದರಲ್ಲೇ ಹಾಕಿಕೊಡಿ ಎಂದು ಪ್ರತಿ ಸಲವೂ ಹೇಳಬೇಕಾಗುತ್ತಿದೆ. ಮಾಲೀಕರು ಆ ಮಗ್ಗನ್ನು ತೆಗೆಸಿ, ಪಾರ್ಸೆಲ್‌ಗೆ ಬಾಳೆ ಎಲೆ ತರಿಸಿದ ದಿನ ಈ ಅಂಕವನ್ನು ತಿದ್ದುತ್ತೇನೆ.